ಎಂಬತ್ತರ ದಶಕದ ನೆನಪು ಯಾರ ಆಸ್ತಿ?

1984ರ ಡಿಸೆಂಬರ್ 8ರಂದು ಲಾಸ್ ಏಂಜಲೀಸ್ ಸಮೀಪದ ರಿಡಾಂಡೊ ಬೀಚ್ ಎಂಬ ಕಡಲತೀರದ ಊರಿನಲ್ಲಿ ಇಟಲಿಯ ಸ್ಪೋರ್ಟ್ಸ್ ಕಾರೊಂದು ಎದುರಿನಿಂದ ಬರುತ್ತಿದ್ದ ಕಾರಿಗೆ ಗುದ್ದಿತು. ಸ್ಪೋರ್ಟ್ಸ್ ಕಾರು ಓಡಿಸುತ್ತಿದ್ದವನು ಮಾಟ್ಲಿ ಕ್ರೂ ತಂಡದ ಗಾಯಕ ವಿನ್ಸ್ ನೀಲ್. ಮನೆಯಲ್ಲಿ ಪಾರ್ಟಿ ನಡೆದಿತ್ತು, ಮದ್ಯ ಮುಗಿದಿತ್ತು, ತರಲು ಹೋಗಿದ್ದರು. ಅವನ ರಕ್ತದಲ್ಲಿದ್ದ ಮದ್ಯದ ಪ್ರಮಾಣ ಶೇ 0.17, ಕ್ಯಾಲಿಫೋರ್ನಿಯಾದಲ್ಲಿ ಆಗ ಇದ್ದ ಮಿತಿ ಶೇ 0.10. ನೀಲ್‌ಗೆ ಆದದ್ದು ಸಣ್ಣಪುಟ್ಟ ಗಾಯ. ಎದುರಿನ ಕಾರಿನಲ್ಲಿದ್ದ ಇಬ್ಬರ ಮಿದುಳಿಗೆ ತೀವ್ರ ಪೆಟ್ಟಾಯಿತು. ನೀಲ್ ಪಕ್ಕದಲ್ಲಿ ಕೂತಿದ್ದ ನಿಕೋಲಸ್ ಡಿಂಗ್ಲಿ ತೀರಿಕೊಂಡ. ಅದೇ ತಿಂಗಳ 2ನೇ ತಾರೀಖಿಗೆ ಅವನಿಗೆ 24 ತುಂಬಿತ್ತು. ಫಿನ್ಲೆಂಡಿನ ಹನೋಯ್ ರಾಕ್ಸ್ ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ರ‍್ಯಾಜಲ್ ಎಂದು. ತಪ್ಪೊಪ್ಪಿಕೊಂಡ ನೀಲ್‌ಗೆ ಮರುವರ್ಷ ಆದ ಶಿಕ್ಷೆ 30 ದಿನದ ಜೈಲು, ಐದು ವರ್ಷದ ನಿಗಾವಣೆ, 200 ಗಂಟೆ ಸಮುದಾಯ ಸೇವೆ ಮತ್ತು 26 ಲಕ್ಷ ಡಾಲರ್ ಪರಿಹಾರ. ಆ 30 ದಿನವನ್ನೂ ಅವನು ಪೂರ್ತಿ ಒಳಗೆ ಕಳೆಯಲಿಲ್ಲ.

ಈ ಶಿಕ್ಷೆ ಹಗುರವಾಯಿತೆಂದು ಬಹಳ ಜನ ಬರೆದಿದ್ದಾರೆ. ಸ್ವತಃ ನೀಲ್, ವರ್ಷಗಳ ನಂತರ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ತಾನು ಸೆರೆಮನೆಗೆ ಹೋಗಬೇಕಾದವನೇ, ಉಳಿಸಿದ್ದು ಹಣದ ಬಲ ಎಂದು ಒಪ್ಪಿಕೊಂಡಿದ್ದಾನೆ. ಹಾಗಾಗಿ ಅದನ್ನು ಮತ್ತೆ ಸಾಬೀತು ಮಾಡುವ ಅಗತ್ಯವಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಅದರ ಮುಂದಿನದು. ನ್ಯಾಯಾಲಯದಲ್ಲಿ ಖ್ಯಾತಿಗೆ ದೊರೆತ ರಿಯಾಯಿತಿ 1985ರಲ್ಲೇ ಮುಗಿದುಹೋಯಿತೇ? ಮುಗಿಯಲಿಲ್ಲ ಎಂಬುದು ನನ್ನ ವಾದ. ಅದು ಬಡ್ಡಿಗೆ ಬಡ್ಡಿ ಸೇರಿ ಬೆಳೆಯುತ್ತ, ಇಂದು ಎಂಬತ್ತರ ದಶಕದ ರಾಕ್ ಸಂಗೀತದ ಬಗ್ಗೆ ಜಗತ್ತಿನಾದ್ಯಂತ ಹರಡಿರುವ ಹಳಹಳಿಕೆಯ ಮೂಲಬಂಡವಾಳವಾಗಿದೆ. ಗಮನಕ್ಕೆ ಬಾರದೆ ಹೋದ ಸಂಗೀತಗಾರರಿಗೆ ಕಾಲವೇ ನ್ಯಾಯ ಕೊಡುತ್ತದೆ, ಮುಂದಿನ ತಲೆಮಾರು ಅವರನ್ನು ಹುಡುಕಿ ಗೌರವಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಹನೋಯ್ ರಾಕ್ಸ್‌ನ ಚರಿತ್ರೆ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಅಂದು ಯಾರ ಕೈ ಮೇಲಿತ್ತೋ ಇಂದು ನೆನಪಿನ ಕೀಲಿಕೈಯೂ ಅವರಲ್ಲೇ ಇದೆ.

ಮೊದಲು ತಂಡದ ಕಥೆಯನ್ನು ಅದರ ಆರಂಭದಿಂದಲೇ ಹೇಳಬೇಕು. ಬಹುತೇಕ ಬರಹಗಳು ಅದನ್ನು ಅಪಘಾತದಿಂದಲೇ ಶುರುಮಾಡುತ್ತವೆ. ಆಗ ಫಿನ್ಲೆಂಡಿನ ಜನಸಂಖ್ಯೆ 50 ಲಕ್ಷವನ್ನೂ ಮುಟ್ಟಿರಲಿಲ್ಲ. ಅಲ್ಲಿನ ಹುಡುಗರು ಇಂಗ್ಲಿಷಿನಲ್ಲಿ ರಾಕ್ ಹಾಡಿ ಹೊರದೇಶದಲ್ಲಿ ಬದುಕುತ್ತೇವೆಂದರೆ ನಂಬುವವರು ಕಡಿಮೆ. ಗಾಯಕ ಮೈಕಲ್ ಮನ್ರೋ ಮತ್ತು ಹಾಡು ಬರೆಯುತ್ತಿದ್ದ ಗಿಟಾರ್ ವಾದಕ ಆಂಡಿ ಮೆಕಾಯ್ ಹೆಲ್ಸಿಂಕಿಯಲ್ಲಿ ಕಟ್ಟಿದ ಈ ತಂಡ 1980ರಲ್ಲಿ ಸ್ಟಾಕ್‌ಹೋಮಿಗೆ ಹೋಯಿತು. ಅಲ್ಲಿ ಅವರಲ್ಲಿ ಕೆಲವರಿಗೆ ತಲೆಯ ಮೇಲೆ ಸೂರೂ ಇರಲಿಲ್ಲ. ದಾರಿಹೋಕರ ಹತ್ತಿರ ಚಿಲ್ಲರೆ ಕೇಳಿ ದಿನ ನೂಕಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. 1981ರಲ್ಲಿ ಮೊದಲ ಆಲ್ಬಂ ಬಂತು, ಮರುವರ್ಷ ಲಂಡನ್‌ಗೆ ನೆಲೆ ಬದಲಾಯಿತು. ಉದ್ದ ಕೂದಲು, ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ, ಕೊರಳಿಗೆ ಸುತ್ತಿದ ಬಣ್ಣಬಣ್ಣದ ವಸ್ತ್ರ, ಪಂಕ್‌ನ ವೇಗ, ಐವತ್ತರ ದಶಕದ ರಾಕ್ ಅಂಡ್ ರೋಲಿನ ಕುಣಿತ, ನಡುನಡುವೆ ಮನ್ರೋ ನುಡಿಸುವ ಸ್ಯಾಕ್ಸೊಫೋನ್ ಮತ್ತು ಹಾರ್ಮೊನಿಕಾ: ಇದು ಅವರ ಬಗೆ. ಜಪಾನಿನಲ್ಲಿ ಅಭಿಮಾನಿಗಳು ಹುಟ್ಟಿಕೊಂಡರು. ಲಾಸ್ ಏಂಜಲೀಸಿನ ಸನ್‌ಸೆಟ್ ಸ್ಟ್ರಿಪ್ ಬೀದಿಯ ಕ್ಲಬ್ಬುಗಳಲ್ಲಿ ಆಮೇಲೆ ಹೆಸರು ಮಾಡಿದ ಹಲವು ತಂಡಗಳು ಆ ವೇಷವನ್ನೂ ಆ ಧಾಟಿಯನ್ನೂ ಇವರಿಂದ ಪಡೆದವು. ಗನ್ಸ್ ಎನ್ ರೋಸಸ್ ತಂಡದವರಂತೂ ಈ ಋಣವನ್ನು ಬಾಯ್ತುಂಬ ಹೇಳಿದ್ದಾರೆ.

ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಬೆಳೆದ ರ‍್ಯಾಜಲ್, 1982ರಲ್ಲಿ ಲಂಡನ್ನಿನಲ್ಲಿ ಇವರ ಕಾರ್ಯಕ್ರಮ ನೋಡಿ, ನಿಮ್ಮ ಡ್ರಮ್ಮರ್ ನಾನಾಗಬೇಕು ಎಂದು ತಾನೇ ಹೋಗಿ ಕೇಳಿದವನು. ಅದುವರೆಗೆ ಡ್ರಮ್ಸ್ ನುಡಿಸುತ್ತಿದ್ದ ಜಿಪ್ ಕಸಿನೊ ಜಾಗಕ್ಕೆ ಅವನನ್ನು ತೆಗೆದುಕೊಂಡರು. ಆ ವರ್ಷದ ಕೊನೆಗೆ ಬಿಡುಗಡೆಯಾದ 'ಸೆಲ್ಫ್ ಡಿಸ್ಟ್ರಕ್ಷನ್ ಬ್ಲೂಸ್' ಆಲ್ಬಂ ಕೈಗೆ ಸಿಕ್ಕರೆ ಅದರ ಹೊದಿಕೆಯನ್ನು ಗಮನಿಸಿ. ಚಿತ್ರದಲ್ಲಿ ತಂಡದ ಜೊತೆ ನಿಂತಿರುವವನು ರ‍್ಯಾಜಲ್, ಒಳಗಿನ ಹಾಡುಗಳಲ್ಲಿ ಡ್ರಮ್ಸ್ ಬಾರಿಸಿರುವವನು ಕಸಿನೊ. ಮುಖ ಒಬ್ಬನದು, ದುಡಿಮೆ ಇನ್ನೊಬ್ಬನದು. ರಾಕ್ ಸಂಗೀತದ ವ್ಯಾಪಾರದಲ್ಲಿ ವಾದ್ಯಗಾರನ ಕೆಲಸಕ್ಕೂ ಅವನ ಹೆಸರಿಗೂ ನಡುವಿನ ಕೊಂಡಿ ಎಷ್ಟು ಸಡಿಲ ಎಂಬುದಕ್ಕೆ ಆ ಒಂದು ಹೊದಿಕೆ ಸಾಕು. ರ‍್ಯಾಜಲ್ ಕೈಯ ಡ್ರಮ್ಸ್ ಕೇಳಬೇಕಾದರೆ 1983ರ 'ಬ್ಯಾಕ್ ಟು ಮಿಸ್ಟರಿ ಸಿಟಿ', ಅದೇ ವರ್ಷ ಲಂಡನ್ನಿನ ಮಾರ್ಕಿ ಕ್ಲಬ್ಬಿನಲ್ಲಿ ಮುದ್ರಿಸಿಕೊಂಡ ಲೈವ್ ಆಲ್ಬಂ, ಕೊನೆಗೆ 1984ರ 'ಟೂ ಸ್ಟೆಪ್ಸ್ ಫ್ರಮ್ ದ ಮೂವ್' ಕೇಳಬೇಕು. ಈ ಕೊನೆಯದು ದೊಡ್ಡ ಕಂಪನಿಯಾದ ಸಿಬಿಎಸ್‌ಗಾಗಿ ಮಾಡಿದ್ದು. ನಿರ್ಮಾಪಕ ಬಾಬ್ ಎಜ್ರಿನ್, ಪಿಂಕ್ ಫ್ಲಾಯ್ಡ್‌ನ 'ದ ವಾಲ್' ನಿರ್ಮಾಣದಲ್ಲಿ ಪಾಲಿದ್ದವನು. ಆ ಆಲ್ಬಂ ಹಿಡಿದು ತಂಡ ಅಮೆರಿಕ ಪ್ರವಾಸಕ್ಕೆ ಹೊರಟಿತು. ನಡುದಾರಿಯಲ್ಲಿ ಮನ್ರೋ ಪಾದದ ಗಂಟು ಮುರಿದುಕೊಂಡ, ಕೆಲವು ಕಾರ್ಯಕ್ರಮಗಳು ರದ್ದಾದವು, ಬಿಡುವು ಸಿಕ್ಕಿತು. ಲಾಸ್ ಏಂಜಲೀಸಿನ ಕಾರ್ಯಕ್ರಮಗಳಿಗೆ ಇನ್ನು ಕೆಲವೇ ದಿನ ಇದ್ದವು. ರ‍್ಯಾಜಲ್ ನೀಲ್‌ನ ಮನೆಗೆ ಹೋದದ್ದು ಆ ಬಿಡುವಿನಲ್ಲಿ. 1985ರ ಜನವರಿಯಲ್ಲಿ ಹೆಲ್ಸಿಂಕಿಯಲ್ಲಿ ತಂಡ ಮತ್ತೆ ವೇದಿಕೆ ಹತ್ತಿದಾಗ ಡ್ರಮ್ಸ್ ಹಿಂದೆ ಇದ್ದವನು ಕ್ಲ್ಯಾಶ್ ತಂಡದಲ್ಲಿ ನುಡಿಸಿದ್ದ ಟೆರಿ ಚೈಮ್ಸ್. ಅಷ್ಟರಲ್ಲಾಗಲೇ ಬೇಸ್ ಗಿಟಾರಿನ ಸಾಮಿ ಯಾಫಾ ಹೊರನಡೆಯುವ ಮನಸ್ಸು ಮಾಡಿದ್ದ. ಆ ವರ್ಷವೇ ತಂಡ ಒಡೆಯಿತು.

ಇಲ್ಲಿ ಒಂದು ಗಂಭೀರ ಆಕ್ಷೇಪ ಇದೆ. ಅಂದಿನ ಅಮೆರಿಕದಲ್ಲಿ ಕುಡಿದು ಕಾರು ಓಡಿಸುವವರನ್ನು ಕಾನೂನು ಹಗುರವಾಗಿಯೇ ನೋಡುತ್ತಿತ್ತು, ಹೆಸರಿಲ್ಲದವರೂ ಸಣ್ಣ ಶಿಕ್ಷೆಯಲ್ಲಿ ಪಾರಾಗುತ್ತಿದ್ದರು, ಇದರಲ್ಲಿ ಖ್ಯಾತಿಯ ಮಾತೇಕೆ ಎನ್ನುವವರಿದ್ದಾರೆ. ಅದರಲ್ಲಿ ಸತ್ಯಾಂಶ ಇದೆ. ಆದರೆ ಕಾಲವನ್ನು ಗಮನಿಸಬೇಕು. ಕುಡಿದು ಕಾರು ಓಡಿಸುವವರ ವಿರುದ್ಧ ತಾಯಂದಿರ ಸಂಘಟನೆ ಹುಟ್ಟಿದ್ದು ಅದೇ ಕ್ಯಾಲಿಫೋರ್ನಿಯಾದಲ್ಲಿ, 1980ರಲ್ಲಿ. ಅಪಘಾತಕ್ಕೆ ಐದು ತಿಂಗಳ ಮೊದಲು, 1984ರ ಜುಲೈನಲ್ಲಿ, ಕುಡಿಯುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸುವಂತೆ ರಾಜ್ಯಗಳ ಮೇಲೆ ಒತ್ತಡ ಹೇರುವ ಕೇಂದ್ರ ಕಾಯ್ದೆಗೆ ಅಧ್ಯಕ್ಷ ರೇಗನ್ ಸಹಿ ಹಾಕಿದ್ದ. ಸಡಿಲ ಕಾಲ ಮುಗಿಯುತ್ತಿತ್ತು, ಬಿಗಿ ಕಾಲ ಶುರುವಾಗಿತ್ತು. ನೀಲ್ ಪ್ರಕರಣ ತೀರ್ಮಾನವಾದದ್ದು ಆ ಬಿಗಿಯ ನಡುವೆ. ಇನ್ನೊಂದು ಸಮರ್ಥನೆಯೂ ಇದೆ: ಅವನನ್ನು ವರ್ಷಗಟ್ಟಲೆ ಒಳಗೆ ಹಾಕಿದ್ದರೆ ಗಾಯಗೊಂಡವರಿಗೆ ಏನು ಸಿಗುತ್ತಿತ್ತು, ಹೊರಗಿದ್ದು ದುಡಿದರೆ ತಾನೇ ಪರಿಹಾರ ಕೊಡಲು ಸಾಧ್ಯ? ಬದುಕಿನುದ್ದಕ್ಕೂ ಆರೈಕೆ ಬೇಕಾದವರಿಗೆ ಹಣ ಸಣ್ಣ ವಿಷಯವಲ್ಲ, ಈ ಮಾತನ್ನು ತಳ್ಳಿಹಾಕಲಾಗದು. ಆದರೂ ಶಿಕ್ಷೆಯ ದಿನಗಳನ್ನು ಡಾಲರಿಗೆ ಬದಲಿಸಿಕೊಳ್ಳುವ ಅವಕಾಶ ಇರುವುದು 26 ಲಕ್ಷ ಡಾಲರ್ ಹೊಂದಿಸಬಲ್ಲವನಿಗೆ ಮಾತ್ರ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ ಅದೇ ಅಪರಾಧ ಮಾಡಿದ್ದರೆ ಪರಿಹಾರವೂ ಸಿಗುತ್ತಿರಲಿಲ್ಲ, ಅವನು ಹೊರಗೂ ಇರುತ್ತಿರಲಿಲ್ಲ. ಖ್ಯಾತಿಯ ರಿಯಾಯಿತಿ ಎಂದರೆ ಇದೇ. ನ್ಯಾಯಾಧೀಶರು ಅಭಿಮಾನಿಯಾಗಿರಬೇಕಿಲ್ಲ, ಯಾರೂ ಲಂಚ ಕೊಡಬೇಕಿಲ್ಲ; ದುಡಿಯುವ ಶಕ್ತಿಯೇ ವಕಾಲತ್ತು ವಹಿಸುತ್ತದೆ.

ಆ ದುಡಿಯುವ ಶಕ್ತಿ ಮುಂದೆ ಏನು ದುಡಿಯಿತು ಎಂಬುದನ್ನು ಸಾಲಾಗಿ ಇಟ್ಟು ನೋಡಬೇಕು. 1985ರಲ್ಲೇ ಮಾಟ್ಲಿ ಕ್ರೂನ 'ಥಿಯೇಟರ್ ಆಫ್ ಪೇನ್' ಬಂತು. ಅದನ್ನು ರ‍್ಯಾಜಲ್‌ಗೆ ಅರ್ಪಿಸಿದ್ದರು. ಅಮೆರಿಕದಲ್ಲಿ ಅದರ ಲಕ್ಷಗಟ್ಟಲೆ ಪ್ರತಿಗಳು ಹೋದವು. ಅದರ 'ಹೋಮ್ ಸ್ವೀಟ್ ಹೋಮ್' ಹಾಡಿನ ವಿಡಿಯೊ ಎಂಟಿವಿಯ ವೀಕ್ಷಕರ ಕೋರಿಕೆಯ ಪಟ್ಟಿಯಲ್ಲಿ ವಾರಗಟ್ಟಲೆ ಮೇಲೇ ಕೂತಿತು. 2001ರಲ್ಲಿ ತಂಡದ ಆತ್ಮಕಥೆ 'ದ ಡರ್ಟ್' ಬಂದು ಭರ್ಜರಿಯಾಗಿ ಮಾರಾಟವಾಯಿತು. ಅಪಘಾತ ಅದರ ಒಂದು ಮುಖ್ಯ ಘಟ್ಟ. 2003 ಮತ್ತು 2004ರಲ್ಲಿ ಹಳೆಯ ಆಲ್ಬಂಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸಿ ಎರಡು ಸಂಪುಟಗಳಾಗಿ ಮಾರಿದಾಗ ಅವಕ್ಕೆ ಇಟ್ಟ ಹೆಸರಿನ ಅರ್ಥ, ಕಾರು ಗುದ್ದಿಸಿಕೊಳ್ಳಲು ತಕ್ಕ ಸಂಗೀತ ಎಂದು. ಮೂರು ಬದುಕುಗಳನ್ನು ಮುರಿದ ಘಟನೆ ಮಾರಾಟದ ಫಲಕವಾದ ರೀತಿ ಇದು. ಇದನ್ನು ಓದಿ ಸಿಟ್ಟು ಬರದಿದ್ದರೆ ನಾವು ಆ ಹಳಹಳಿಕೆಗೆ ಎಷ್ಟು ಒಗ್ಗಿಹೋಗಿದ್ದೇವೆ ಎಂದೇ ಅರ್ಥ. 2019ರಲ್ಲಿ ಆತ್ಮಕಥೆ ನೆಟ್‌ಫ್ಲಿಕ್ಸ್ ಚಿತ್ರವಾಯಿತು. ರ‍್ಯಾಜಲ್ ಅದರಲ್ಲಿ ಬರುತ್ತಾನೆ, ನಗುತ್ತಾನೆ, ಕಾರು ಹತ್ತುತ್ತಾನೆ, ಸಾಯುತ್ತಾನೆ. ನಂತರ ಕ್ಯಾಮೆರಾ ಉಳಿಯುವುದು ನೀಲ್‌ನ ಸಂಕಟದ ಮೇಲೆ. ಇನ್ನೆಂದೂ ಪ್ರವಾಸ ಮಾಡುವುದಿಲ್ಲವೆಂದು 2014ರಲ್ಲಿ ಪತ್ರಿಕಾಗೋಷ್ಠಿ ಕರೆದು ಒಪ್ಪಂದಕ್ಕೆ ಸಹಿ ಹಾಕಿದ್ದ ತಂಡ, ಚಿತ್ರ ತಂದುಕೊಟ್ಟ ಹೊಸ ಅಭಿಮಾನಿಗಳನ್ನು ಕಾರಣವಾಗಿ ಹೇಳಿ 2019ರಲ್ಲೇ ಹಿಂತಿರುಗಿತು. 2022ರಲ್ಲಿ ಡೆಫ್ ಲೆಪರ್ಡ್ ತಂಡದ ಜೊತೆ ನಡೆಸಿದ ಕ್ರೀಡಾಂಗಣ ಪ್ರವಾಸದ ಗಳಿಕೆ 17 ಕೋಟಿ ಡಾಲರಿಗೂ ಹೆಚ್ಚು.

ಆ ಕ್ರೀಡಾಂಗಣಗಳಿಗೆ ಬಂದ ಜನರ ಮೇಲೆ ತಪ್ಪು ಹೊರಿಸಲು ನಾನು ಹೊರಟಿಲ್ಲ. ಹದಿನಾರರಲ್ಲಿ ಕೇಳಿದ ಹಾಡನ್ನು ಐವತ್ತರಲ್ಲಿ ಕೇಳಲು ಹೋಗುವವರು ಹುಡುಕುವುದು ತಮ್ಮ ಹದಿನಾರನ್ನು. ಆದರೆ ಹಳಹಳಿಕೆಗೆ ಒಂದು ಸ್ವಭಾವ ಇದೆ: ಮೊದಲೇ ಕೇಳಿದ್ದು ಮಾತ್ರ ಅದಕ್ಕೆ ನೆನಪಾಗುತ್ತದೆ. ಅಂದು ಯಾರ ಹಾಡು ದಿನಕ್ಕೆ ಹತ್ತು ಸಲ ಟಿವಿಯಲ್ಲಿ ಬಂತೋ ಅವರೇ ಇಂದು ಎಂಬತ್ತರ ದಶಕ ಆಗಿಬಿಡುತ್ತಾರೆ. ಎದುರಿನ ಕಾರಿನಲ್ಲಿದ್ದ ಇಬ್ಬರು ಯುವಜನ ಯಾವ ತಂಡದವರೂ ಅಲ್ಲ, ಅವರ ಮುಂದಿನ ನಲವತ್ತು ವರ್ಷ ಯಾರ ಹಳಹಳಿಕೆಯೂ ಅಲ್ಲ. ಆತ್ಮಕಥೆಗಳ ಸಾಲಿನಲ್ಲಿ ಅವರ ಕಡೆಯಿಂದ ಬರೆದ ಪುಸ್ತಕ ಕಾಣುವುದಿಲ್ಲ.

ಮಾರುಕಟ್ಟೆಯನ್ನು ನಂಬುವವರು ಇಲ್ಲಿ ಇನ್ನೊಂದು ಮಾತು ಎತ್ತುತ್ತಾರೆ. ಹನೋಯ್ ರಾಕ್ಸ್ ಬದುಕಿದ್ದರೂ ಅಷ್ಟಕ್ಕಷ್ಟೇ ಇರುತ್ತಿತ್ತು. ಮಾದಕವಸ್ತುಗಳ ಚಟ, ಒಳಜಗಳ ಅಲ್ಲೂ ಇದ್ದವು. ಕೊನೆಗೆ ಜನ ಮೆಚ್ಚಿದವರು ಉಳಿದರು, ಮೆಚ್ಚದವರು ಹೋದರು ಎಂಬುದು ಅವರ ವಾದ. ತಂಡ ಜಗದ್ವಿಖ್ಯಾತವಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಆದರೆ ಜನ ಮೆಚ್ಚಿದರು ಎಂಬ ಮಾತನ್ನು ಆ ದಶಕದ ಬಗ್ಗೆ ಆಡುವಾಗ ಎಚ್ಚರ ಬೇಕು. ರೇಡಿಯೊದಲ್ಲಿ ಯಾವ ಹಾಡು ಬರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತಿದ್ದವರು ರೆಕಾರ್ಡ್ ಕಂಪನಿಗಳಿಂದ ದೊಡ್ಡ ಮೊತ್ತ ಪಡೆಯುತ್ತಿದ್ದ ಸ್ವತಂತ್ರ ಪ್ರಚಾರಕರು. 1986ರ ಫೆಬ್ರವರಿಯಲ್ಲಿ ಎನ್‌ಬಿಸಿ ವಾಹಿನಿ ಈ ದಂಧೆಯ ಬಗ್ಗೆ ವರದಿ ಪ್ರಸಾರ ಮಾಡಿದ ಕೂಡಲೇ ದೊಡ್ಡ ಕಂಪನಿಗಳು ಅಂಥ ಪ್ರಚಾರಕರ ಸಂಪರ್ಕ ಕಡಿದುಕೊಳ್ಳುತ್ತೇವೆಂದು ಘೋಷಿಸಬೇಕಾಯಿತು. ಎಂಟಿವಿಯ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಕಪ್ಪು ಕಲಾವಿದರ ವಿಡಿಯೊಗಳು ಏಕೆ ಇಷ್ಟು ಕಡಿಮೆ ಎಂದು 1983ರಲ್ಲಿ ಬಿಳಿಯ ತಾರೆ ಡೇವಿಡ್ ಬೋವಿ ಅದೇ ವಾಹಿನಿಯ ಸಂದರ್ಶನದಲ್ಲಿ ನೇರವಾಗಿ ಕೇಳಿದ್ದ. ಕೇಳಲು ಬೋವಿಯೇ ಬೇಕಾಯಿತು, ಅದನ್ನೂ ಮರೆಯುವಂತಿಲ್ಲ. ಅದೇ ದೂರನ್ನು ಅದಕ್ಕೆ ಮೊದಲು ಕಪ್ಪು ಗಾಯಕ ರಿಕ್ ಜೇಮ್ಸ್ ಬಹಿರಂಗವಾಗಿಯೇ ಹೇಳಿದ್ದ. ಹೀಗೆ ಸೋಸಿ ಬಂದದ್ದನ್ನು ಜನರ ಆಯ್ಕೆ ಎನ್ನುವುದು ಅರ್ಧಸತ್ಯ. ಅದೂ ಅಲ್ಲದೆ, ಹನೋಯ್ ರಾಕ್ಸ್‌ನಲ್ಲೂ ಚಟಗಳಿದ್ದವು ಎನ್ನುವವರು ಅದೇ ಚಟಗಳು ಮಾಟ್ಲಿ ಕ್ರೂನ ದಂತಕಥೆಗೆ ಹೊಳಪು ಕೊಟ್ಟವು ಎಂಬುದನ್ನು ಗಮನಿಸುವುದಿಲ್ಲ. ಸೋತವನ ಕುಡಿತ ಅವನ ಸೋಲಿಗೆ ಕಾರಣ. ಗೆದ್ದವನ ಕುಡಿತ ಅವನ ಆತ್ಮಕಥೆಯ ಮೊದಲ ಅಧ್ಯಾಯ.

ಹಾಗಾದರೆ ತಾರೆಗಳು ಹಳಬರ ಕೈಹಿಡಿದದ್ದು ಸುಳ್ಳೇ? ಸುಳ್ಳಲ್ಲ. 1989ರಲ್ಲಿ ಗನ್ಸ್ ಎನ್ ರೋಸಸ್ ತಮ್ಮ ಉಜಿ ಸುಯಿಸೈಡ್ ಲೇಬಲ್ಲಿನಿಂದ ಹನೋಯ್ ರಾಕ್ಸ್ ಆಲ್ಬಂಗಳನ್ನು ಅಮೆರಿಕದಲ್ಲಿ ಮರುಬಿಡುಗಡೆ ಮಾಡಿದರು. 1991ರ ತಮ್ಮ ಆಲ್ಬಂನಲ್ಲಿ ಮನ್ರೋನಿಂದ ಸ್ಯಾಕ್ಸೊಫೋನ್ ನುಡಿಸಿಕೊಂಡರು. ಇದಕ್ಕಿಂತ ಗಟ್ಟಿ ಉದಾಹರಣೆ ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಊರಿನ ಡೈಮಂಡ್ ಹೆಡ್ ತಂಡದ್ದು. 1980ರಲ್ಲಿ ಯಾವ ಕಂಪನಿಯೂ ಮುಂದೆ ಬರದಾಗ ಅವರು ತಮ್ಮ ಮೊದಲ ಆಲ್ಬಂ ಅನ್ನು ಹೆಸರೂ ಇಲ್ಲದ ಬಿಳಿ ಹೊದಿಕೆಯಲ್ಲಿ ಹಾಕಿ ಅಂಚೆಯಲ್ಲಿ ಮಾರಿದರು. ಮರುವರ್ಷ ಅವರನ್ನು ಹುಡುಕಿಕೊಂಡು ಅಮೆರಿಕದಿಂದ ಬಂದು ಅವರ ಮನೆಗಳಲ್ಲೇ ತಂಗಿದ್ದ ಹದಿಹರೆಯದ ಅಭಿಮಾನಿ ಲಾರ್ಸ್ ಉಲ್ರಿಕ್, ಊರಿಗೆ ಹಿಂದಿರುಗಿದ ಮೇಲೆ ಮೆಟಾಲಿಕಾ ಕಟ್ಟಿದ. ರ‍್ಯಾಜಲ್ ಸಾಯುವ ಎರಡು ವಾರದ ಹಿಂದಷ್ಟೇ, 1984ರ ನವೆಂಬರ್‌ನಲ್ಲಿ, ಮೆಟಾಲಿಕಾ ತನ್ನ ರೆಕಾರ್ಡಿನ ಹಿಂಬದಿಯಲ್ಲಿ ಡೈಮಂಡ್ ಹೆಡ್‌ನ 'ಆಮ್ ಐ ಈವಿಲ್' ಹಾಡಿತು. 1998ರ 'ಗ್ಯಾರೇಜ್ ಇಂಕ್' ಆಲ್ಬಂನಲ್ಲಿ ಡೈಮಂಡ್ ಹೆಡ್‌ನ ನಾಲ್ಕು ಹಾಡುಗಳಿವೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಹಾಡಿದಾಗ ನೆರೆದಿದ್ದ ನಮ್ಮ ಹುಡುಗರಲ್ಲೂ ಡೈಮಂಡ್ ಹೆಡ್ ಹೆಸರು ಗೊತ್ತಿದ್ದವರಿಗೆ ಅದು ಗೊತ್ತಾದದ್ದು ಬಹುಪಾಲು ಇದೇ ದಾರಿಯಲ್ಲಿ. ಗಿಟಾರ್ ವಾದಕ ಬ್ರಯಾನ್ ಟ್ಯಾಟ್ಲರ್ ಆ ಹಾಡುಗಳ ರಾಯಲ್ಟಿಯಿಂದ ತನ್ನ ಬದುಕು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ.

ಎರಡೂ ಪ್ರಕರಣಗಳಲ್ಲಿ ಪ್ರೀತಿ ನಿಜವಾದದ್ದೇ, ಆದರೆ ಫಲ ಒಂದೇ ಅಲ್ಲ. ಡೈಮಂಡ್ ಹೆಡ್‌ಗೆ ಸಿಕ್ಕಿದ್ದು ಹೊಗಳಿಕೆಯ ಜೊತೆಗೆ ಹಕ್ಕು. ಹಾಡು ಬರೆದವರು ಟ್ಯಾಟ್ಲರ್ ಮತ್ತು ಶಾನ್ ಹ್ಯಾರಿಸ್. ಯಾರು ಎಲ್ಲಿ ಆ ಹಾಡಿನ ಪ್ರತಿ ಮಾರಿದರೂ ಅವರ ಪಾಲು ಅವರಿಗೆ ಸಲ್ಲಲೇಬೇಕು. ಮೆಟಾಲಿಕಾದ ಮನಸ್ಸು ನಾಳೆ ಬದಲಾದರೂ ಆ ಹಣ ನಿಲ್ಲುವುದಿಲ್ಲ. ಅರ್ಪಣೆ, ಸಂದರ್ಶನದಲ್ಲಿ ಎರಡು ಒಳ್ಳೆಯ ಮಾತು, ಅಂಗಿಯ ಮೇಲೆ ಹಾಕಿಕೊಂಡ ಹೆಸರು ಇವಕ್ಕೆ ಅಂಥ ಬೆಂಬಲವಿಲ್ಲ. ಅವು ಕೊಟ್ಟವನ ದೊಡ್ಡತನಕ್ಕೆ ಸೇರುತ್ತವೆ, ಪಡೆದವನ ಲೆಕ್ಕಕ್ಕೆ ಏನೂ ಸೇರುವುದಿಲ್ಲ. ಹಕ್ಕಿನಲ್ಲೂ ಒಂದು ಕೊರತೆ ಇದೆ. ಹಾಡಿನ ರಾಯಲ್ಟಿ ಬರೆದವರದು, ಬಾರಿಸಿದವರದ್ದಲ್ಲ. ಅಮೆರಿಕದ ಎಎಂ, ಎಫ್‌ಎಂ ರೇಡಿಯೊ ಒಂದು ಹಾಡನ್ನು ಪ್ರಸಾರ ಮಾಡಿದಾಗ ರಚನೆಕಾರನಿಗೆ ಹಣ ಬರುತ್ತದೆ, ಹಾಡಿದವರಿಗೂ ನುಡಿಸಿದವರಿಗೂ ಇಂದಿಗೂ ಬಿಡಿಗಾಸಿಲ್ಲ. 'ಆಮ್ ಐ ಈವಿಲ್' ಮೂಲ ಮುದ್ರಣದಲ್ಲಿ ಡ್ರಮ್ಸ್ ಬಾರಿಸಿದ ಡಂಕನ್ ಸ್ಕಾಟ್‌ನ ಹೆಸರು ರಚನೆಕಾರರ ಪಟ್ಟಿಯಲ್ಲಿಲ್ಲ. ಹನೋಯ್ ರಾಕ್ಸ್‌ನ ಬಹುತೇಕ ಹಾಡುಗಳು ಮೆಕಾಯ್ ಹೆಸರಿನಲ್ಲಿವೆ, ಆದ್ದರಿಂದ ನಾಳೆ ದೊಡ್ಡ ತಂಡವೊಂದು ಅವನ್ನೆಲ್ಲ ಹಾಡಿದರೂ ರ‍್ಯಾಜಲ್‌ನ ಮನೆಯವರಿಗೆ ಆಗುವ ವ್ಯತ್ಯಾಸ ಅಷ್ಟಕ್ಕಷ್ಟೇ. ಡ್ರಮ್ಮರ್‌ಗಳು, ಬೇಸ್ ವಾದಕರು ಎರಡು ಸಲ ಮರೆವಿಗೆ ಸಲ್ಲುತ್ತಾರೆ: ಒಮ್ಮೆ ಜನರಿಂದ, ಇನ್ನೊಮ್ಮೆ ಕಾಯ್ದೆಯಿಂದ.

ನಾನು ಹನೋಯ್ ರಾಕ್ಸ್ ಅನ್ನು ತಪ್ಪೇ ಇಲ್ಲದ ಬಲಿಪಶುವಾಗಿ ನಿಲ್ಲಿಸುತ್ತಿಲ್ಲ. ಅವರ ವೇಷ, ಅವರ ಗಿಟಾರಿನ ಒರಟುತನ ಬಹುಪಾಲು ಬಂದದ್ದು ನ್ಯೂಯಾರ್ಕ್ ಡಾಲ್ಸ್‌ನಿಂದ. 1973 ಮತ್ತು 1974ರಲ್ಲಿ ಎರಡು ಆಲ್ಬಂ ಮಾಡಿ ಮುರಿದುಬಿದ್ದ ಆ ತಂಡ 2004ರಲ್ಲಿ ಲಂಡನ್ನಿನ ಮೆಲ್ಟ್‌ಡೌನ್ ಉತ್ಸವದಲ್ಲಿ ಮತ್ತೆ ಒಟ್ಟಿಗೆ ನಿಂತದ್ದು ಗಾಯಕ ಮಾರಿಸ್ಸಿ ಕರೆದಿದ್ದರಿಂದ. ಅಲ್ಲೂ ಬೇಕಾದದ್ದು ಒಬ್ಬ ತಾರೆಯ ಕೃಪೆ. ಅಷ್ಟು ಹೊತ್ತಿಗೆ ಗಿಟಾರಿನ ಜಾನಿ ಥಂಡರ್ಸ್ ಸತ್ತು 13 ವರ್ಷವಾಗಿತ್ತು. ಸಾಲದ ಸರಪಳಿ ಹೀಗೆ ಹಿಂದೆ ಹಿಂದೆ ಹೋಗುತ್ತದೆ, ಯಾರೂ ಶೂನ್ಯದಿಂದ ಹುಟ್ಟಿದವರಲ್ಲ. ಅದಕ್ಕೇ ಆ ದಶಕದ ಚರಿತ್ರೆ ಬರೆಯುವವರು ಗೆದ್ದವರ ಆತ್ಮಕಥೆಗಳನ್ನು ಆಕರವಾಗಿ ಹಿಡಿದು ಉಳಿದವರನ್ನು ಅದರ ಅಡಿಟಿಪ್ಪಣಿಗೆ ತಳ್ಳುವುದನ್ನು ಬಿಡಬೇಕು. ಹನೋಯ್ ರಾಕ್ಸ್ ಬಗ್ಗೆ ಬರೆಯಲು ಹೊರಟವರ ಮುಂದೆ ನಾಲ್ಕು ವರ್ಷಗಳ ಆಲ್ಬಂಗಳಿವೆ, ಮಾರ್ಕಿ ಕ್ಲಬ್ಬಿನ ಮುದ್ರಣವಿದೆ, ಮನ್ರೋ ಮತ್ತು ಮೆಕಾಯ್ ಮತ್ತೆ ಕಟ್ಟಿ 2009ರವರೆಗೆ ನಡೆಸಿದ ಎರಡನೇ ಇನಿಂಗ್ಸ್ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಹೆಲ್ಸಿಂಕಿಯ ಐಸ್ ಹಾಲ್‌ನಲ್ಲಿ ಮನ್ರೋಗೆ 60 ತುಂಬಿದ ಸಂಭ್ರಮದ ಕಾರ್ಯಕ್ರಮದಲ್ಲಿ ಮೊದಲ ಆಲ್ಬಂನ ಐವರೂ ಒಟ್ಟಿಗೆ ನುಡಿಸಿದರು. ಆ ಐವರಲ್ಲಿ ನಾಲ್ವರು ರ‍್ಯಾಜಲ್ ಜೊತೆ ವೇದಿಕೆ ಹಂಚಿಕೊಂಡವರು. ಅವನು ಹೇಗೆ ಸತ್ತ ಎಂಬುದನ್ನು ಬಿಟ್ಟು ಹೇಗೆ ಬಾರಿಸುತ್ತಿದ್ದ ಎಂದು ಅವರನ್ನು ಕೇಳಿ ಬರೆದಿಡಲು ಇನ್ನೂ ಕಾಲಾವಕಾಶ ಇದೆ.